ಗಂಟಲ ಪೆಟ್ಟಿಗೆ ಶಿರಹಟ್ಟಿಗೆ ಹೋದದ್ದು

ಮುಂಡರಗಿ ಕಡೆಯಿಂದ ಬರುವ ಬೆಳಗಿನ ಬಸ್ಸು ನಮ್ಮ ಆಸ್ಪತ್ರೆಯ ಮುಂದೆ ನಿಲ್ಲುವ ಪದ್ಧತಿ ಇರಲಿಲ್ಲ. ಆ ದಿನ ನಿಂತಿತು. ತಾಯಿಯೊಬ್ಬಳು ಐದಾರು ವರ್ಷದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದು ಓಡಿ ಬಂದಳು. ನಾನು ಬಾಗಿಲ ಪಕ್ಕದ ಡ್ರೆಸ್ಸಿಂಗ್ ಕೋಣೆಯಲ್ಲಿ ಬ್ಯಾಂಡೇಜು ಸುತ್ತುತ್ತಿದ್ದೆ. ಹುಡುಗಿಯ ಮುಖ ಕಾಣುವ ಮೊದಲೇ ಅವಳ ಉಸಿರು ಕೇಳಿಸಿತು. ಹಸಿ ಕಟ್ಟಿಗೆಯನ್ನು ಗರಗಸದಿಂದ ಕೊಯ್ಯುವಂಥ ಸದ್ದು. ಪ್ರತಿ ಸಲ ಉಸಿರೆಳೆದಾಗಲೂ ಕತ್ತಿನ ಬುಡದ ಗುಳಿ ಒಳಕ್ಕೆ ಜಗ್ಗುತ್ತಿತ್ತು.

ಗಂಟಲಮಾರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಗಂಟಲಿನಲ್ಲಿ ಬೂದು ಬಣ್ಣದ ಪೊರೆ ಬೆಳೆದು ಉಸಿರಿನ ದಾರಿಯನ್ನೇ ಮುಚ್ಚಿಬಿಡುವ ಆ ಬೇನೆ ಆಗ ಪ್ರತಿ ಚಳಿಗಾಲ ನಮ್ಮ ಕಡೆ ಬರುತ್ತಿತ್ತು. ಪೊರೆ ಕೆಳಗಿಳಿದರೆ ಉಳಿಯುವ ಉಪಾಯ ಒಂದೇ. ಕುತ್ತಿಗೆಯ ಮುಂಭಾಗದಲ್ಲಿ ಕೊಯ್ದು, ಉಸಿರುಗೊಳವೆಗೆ ತೂತು ಮಾಡಿ, ಬಾಗಿದ ಬೆಳ್ಳಿ ನಳಿಕೆಯೊಂದನ್ನು ಅದರೊಳಗೆ ಇಳಿಸಬೇಕು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಸಂಸ್ಥಾನಗಳು ಹೋಗಿ ಶಿರಹಟ್ಟಿ, ಲಕ್ಷ್ಮೇಶ್ವರಗಳೂ ನಮ್ಮ ಜಿಲ್ಲೆಗೆ ಸೇರಿದ್ದವು. ಕನ್ನಡದ ಸೀಮೆಗಳೆಲ್ಲ ಒಂದಾಗಬೇಕೆಂದು ಘೋಷಣೆ ಕೂಗುತ್ತ ಮೆರವಣಿಗೆಗಳು ಆಸ್ಪತ್ರೆಯ ಮುಂದೆಯೇ ಹಾದು ಹೋಗುತ್ತಿದ್ದವು. ನಾನು ಬೆಟಗೇರಿಯ ನೇಕಾರರ ಓಣಿಯವಳು. ನರ್ಸಿನ ಕೆಲಸ ಕಲಿತು ಗದಗಿನ ಆ ಆಸ್ಪತ್ರೆಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಡ್ರೆಸ್ಸಿಂಗ್ ಕೋಣೆಗೆ ಓಡಿ ಬಂದ ಡಾಕ್ಟರ್ ಬಾಯಿಯವರು ಧಾರವಾಡದ ಕಡೆಯವರು. ನಾವೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದೆವು. ಎತ್ತರದ ಹೆಂಗಸು, ಮಾತು ಕಡಿಮೆ.

"ನಳಿಗಿ ತಗೊಂಡ ಬಾ," ಎಂದರು.

ನಾನು ಆಪರೇಶನ್ ಕೋಣೆಗೆ ಓಡಿದೆ. ನಳಿಕೆಗಳ ಸೆಟ್ಟು ಗಾಜಿನ ಕಪಾಟಿನಲ್ಲಿ, ನೀಲಿ ಮಕಮಲ್ಲಿನ ಮೇಲೆ, ಕಣ್ಣೆದುರಿಗೇ ಇತ್ತು. ಕಪಾಟಿಗೆ ಬೀಗ. ಒಳಗೆ ನೆಲ ಒರೆಸುತ್ತಿದ್ದ ಆಯಾ ಹೇಳಿದಳು: "ಕೀಲಿ ಸ್ಟೋರ್ ಕ್ಲಾರ್ಕರ ಕಡೆ ಐತ್ರಿ. ಅವ್ರು ಪಾರ್ಸಲ್ ಬಿಡಿಸ್ಕೊಳ್ಳಾಕ ಸ್ಟೇಶನ್ನಿಗೆ ಹೋಗ್ಯಾರ."

ಬರಿಗೈಯಲ್ಲಿ ತಿರುಗಿ ಬಂದಾಗ ಹುಡುಗಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಾಯಾರು ಕೊಯ್ಯಲು ಶುರು ಮಾಡಿಯೇಬಿಟ್ಟಿದ್ದರು. ನನ್ನ ಕೈ ನೋಡಿದರು. "ಕೂದಲದಾಗಿನ ಪಿನ್ನು ಎರಡು ಕೊಡು. ಸ್ಪಿರಿಟಿನ್ಯಾಗ ಅದ್ದು. ತುದಿ ಬಗ್ಗಸು," ಎಂದರು. ಹಾಗೆಯೇ ಮಾಡಿದೆ. ಕೊಯ್ದ ಉಸಿರುಗೊಳವೆಯ ಎರಡು ಅಂಚುಗಳಿಗೆ ಆ ಪಿನ್ನುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. ನಾನು ಎರಡೂ ಬದಿಗೆ ಮೆಲ್ಲಗೆ ಎಳೆದು ಹಿಡಿದೆ. ಅಲ್ಲಿಂದ ಗಾಳಿ ಒಳಗೆ ಹೋಯಿತು. ಹುಡುಗಿ ಕೆಮ್ಮಿದಳು, ತುಟಿಯ ಬಣ್ಣ ತಿಳಿಯಾಯಿತು.

"ಗಾಜು ಒಡದು ಸೆಟ್ಟು ತರಸ್ರಿ," ಎಂದು ಬಾಯಾರು ಕೂಗಿದರು. ಆಯಾ ಸ್ಟೂಲಿನಿಂದ ಗಾಜು ಒಡೆದು ಸೆಟ್ಟು ತಂದಳು. ಬಿಚ್ಚಿ ನೋಡಿದರೆ ಎಲ್ಲ ದೊಡ್ಡವರ ಅಳತೆಯವು. ಅವುಗಳಲ್ಲಿ ಅತಿ ಸಣ್ಣದು ಸಹ ಹುಡುಗಿಯ ಉಸಿರುಗೊಳವೆಗಿಂತ ದಪ್ಪವಾಗಿತ್ತು. ಕೊನೆಗೆ ರಬ್ಬರಿನ ಕೊಳವೆಯೊಂದನ್ನು ಗಿಡ್ಡ ಕತ್ತರಿಸಿ, ಇಳಿಸಿ, ಚರ್ಮಕ್ಕೆ ಹೊಲಿಗೆ ಹಾಕಿದರು.

ಆ ರಾತ್ರಿ ಕಳೆಯಿತು. ಆದರೆ ರಬ್ಬರು ಮೈಯ ಬಿಸಿಗೆ ಮೆತ್ತಗಾಗುತ್ತದೆ. ಬೆಳ್ಳಿ ನಳಿಕೆಯೊಳಗೆ ಇನ್ನೊಂದು ತೆಳು ನಳಿಕೆ ಇರುತ್ತದೆ. ಪೊರೆ, ಕಫ ಕಟ್ಟಿಕೊಂಡಾಗ ಒಳಗಿನದನ್ನಷ್ಟೇ ತೆಗೆದು ತೊಳೆದು ಮತ್ತೆ ಹಾಕಬಹುದು. ರಬ್ಬರಿನಲ್ಲಿ ಆ ಸೌಲಭ್ಯವಿಲ್ಲ. ಮರುದಿನ ಮಧ್ಯಾಹ್ನ ಅದು ಒಳಗೇ ಮಡಚಿಕೊಂಡು ಮುಚ್ಚಿಹೋಯಿತು. ಬಾಯಾರು ಅದನ್ನು ಕಿತ್ತು ಬೇರೆಯದನ್ನು ಹಾಕಿದರು. ಅಷ್ಟರಲ್ಲಿ ಸೋತಿದ್ದ ಆ ಪುಟ್ಟ ಎದೆ ನಿಂತುಹೋಗಿತ್ತು.

ಬಹಳ ಹೊತ್ತಿನವರೆಗೂ ತಾಯಿಗೆ ಅಳು ಬರಲಿಲ್ಲ. ಆಮೇಲೆ ಬಾಯಾರಿಗೆ ಹೇಳಿದಳು: "ನಮ್ಮ ಊರ ಹತ್ರನೂ ಒಬ್ರು ಡಾಕ್ಟರು ಅದಾರ್ರಿ. ಒಳ್ಳೇವ್ರು. ಬಾಯಿ ತಗದು ನೋಡಿದ್ರು, ಕೈ ಮುಗದುಬಿಟ್ರು. ನನ್ನ ಹತ್ರ ಇದಕ್ಕ ಏನೂ ಇಲ್ಲವ್ವ, ಗದಗಿಗೆ ಓಡು ಅಂದ್ರು. ಓಡಿ ಬಂದೆ."

ಬಾಯಾರು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಡಾಕ್ಟರು ಹಾಗೆ ನೆಲದ ಮೇಲೆ ಕುಳಿತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮರುದಿನ ಅವರು ನನ್ನನ್ನೂ ಕರೆದುಕೊಂಡು ಆಸ್ಪತ್ರೆಯ ದೊಡ್ಡ ಡಾಕ್ಟರ ಹತ್ತಿರ ಹೋದರು. ಅವರು ಕೆಟ್ಟವರಲ್ಲ. ಸಾಮಾನು ಕಳೆದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು, ಅಷ್ಟೆ.

"ಇನ್ನ ಮ್ಯಾಲೆ ಆ ಸೆಟ್ಟು ಡ್ರೆಸ್ಸಿಂಗ್ ಕೋಣ್ಯಾಗ ಗ್ವಾಡಿಗೆ ಇರತೈತ್ರಿ. ಕೀಲಿ ಇರೂದಿಲ್ಲ," ಎಂದರು ಬಾಯಾರು.

"ಬೆಳ್ಳಿ ಸಾಮಾನು ಬಾಯಾರ. ಹೋದ್ರ ಜವಾಬು ಯಾರು ಕೊಡಬೇಕು?"

"ನಾ ಕೊಡತೀನ್ರಿ. ಮತ್ತ ಸಣ್ಣ ಮಕ್ಕಳ ಅಳತಿದು ಮಾಡಸ್ತೀನಿ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಕ್ಕೂ ಒಂದೊಂದು ಸೆಟ್ಟು ಕಳಸ್ತೀನಿ."

ದೊಡ್ಡ ಡಾಕ್ಟರು ಕನ್ನಡಕ ತೆಗೆದರು. "ಅಲ್ಲಿ ಕೊಯ್ಯಾವ್ರು ಯಾರು?"

"ಈಗ ಯಾರೂ ಇಲ್ಲರಿ. ನಳಿಗಿ ಇಲ್ಲದ ಊರಾಗ ಯಾಕ ಕಲೀತಾರ?"

ದೊಡ್ಡ ಡಾಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆ ಹುಡುಗಿಯ ಹಾಸಿಗೆಯ ಹತ್ತಿರ ಅವರೂ ನಿಂತಿದ್ದವರೇ. "ಮಾಡ್ರಿ," ಎಂದರು.

ಮುಂಬಯಿಯಿಂದ ತರಿಸಿದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಸ್ಟೋರಿನಲ್ಲಿ ಮುರಿದು ಬಿದ್ದ ಹಳೆಯ ನಳಿಕೆಗಳಿದ್ದವು. ಅವುಗಳನ್ನು ತೆಗೆದುಕೊಂಡು ನಾವಿಬ್ಬರೂ ಗದಗಿನ ಒಬ್ಬ ಅಕ್ಕಸಾಲಿಗರಲ್ಲಿಗೆ ಹೋದೆವು. ಬಾಯಾರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ತೆಳುವಾದ ನಳಿಕೆಯನ್ನು ಹಾಗೇ ಬಗ್ಗಿಸಿದರೆ ನಡುವೆ ಚಪ್ಪಟೆಯಾಗುತ್ತದೆ. ಅದಕ್ಕೆ ಅಕ್ಕಸಾಲಿಗರು ಒಳಗೆ ಅರಗು ತುಂಬಿ, ಬಗ್ಗಿಸಿ, ಆಮೇಲೆ ಕಾಯಿಸಿ ಅರಗನ್ನು ಇಳಿಸಿದರು. ಮೊದಲನೆಯದರಲ್ಲಿ ಒಳನಳಿಕೆ ಅರ್ಧಕ್ಕೇ ನಿಂತಿತು. ಎರಡನೆಯದರ ತುದಿ ಚೂಪಾಗಿತ್ತು. ಬಾಯಾರು ಅದನ್ನು ತಮ್ಮ ಕೆಳತುಟಿಯ ಒಳಗೆ ಎಳೆದು ನೋಡಿ, "ಕೂಸಿನ ಗಂಟಲ ಇದಕ್ಕಿಂತ ಮೆತ್ತಗ ಇರತೈತ್ರಿ," ಎಂದು ಹಿಂದಿರುಗಿಸಿದರು. ಅಕ್ಕಸಾಲಿಗರು ಬೇಸರಿಸಲಿಲ್ಲ. ಅದನ್ನು ತಿಕ್ಕಿ ತಿಕ್ಕಿ ನಯ ಮಾಡಿ, ತಾವೂ ತುಟಿಯೊಳಗೆ ಎಳೆದು ನೋಡಿಯೇ ಕೊಟ್ಟರು.

ಸಾಮಾನು ಇಡುವ ಬಗೆಯನ್ನು ನನ್ನ ಅಪ್ಪ ಮಾಡಿಕೊಟ್ಟರು. ಸೀರೆಯ ಮಗ್ಗದ ಮೇಲೆ ಗಟ್ಟಿ ಬಿಳಿ ಪಟ್ಟಿಯೊಂದನ್ನು ನೇಯಲು ಕೇಳಿದಾಗ, "ಇದನ್ನ ಯಾರು ಉಡತಾರವ?" ಎಂದು ನಕ್ಕರು. ಉಪಯೋಗ ಹೇಳಿದ ಮೇಲೆ ಆ ದಿನ ಮಗ್ಗಕ್ಕೆ ಹೂಡಿದ್ದ ಸೀರೆಯನ್ನು ಬದಿಗಿಟ್ಟು ಅದನ್ನೇ ನೇಯ್ದರು. ಅದಕ್ಕೆ ಅವ್ವ ಕಿಸೆಗಳನ್ನು ಹೊಲಿದಳು. ಚಾಕು, ಕೊಕ್ಕೆ, ತೂತನ್ನು ಅಗಲಿಸುವ ಚಿಮಟ, ನಳಿಕೆಗಳು, ಸಿರಿಂಜು, ಕುತ್ತಿಗೆಗೆ ಕಟ್ಟುವ ಲಾಡಿ, ಹೀಗೆ ಒಂದೊಂದಕ್ಕೂ ಅದರದೇ ಆಕಾರದ ಕಿಸೆ. ಬಿಚ್ಚಿ ಹಾಸಿದರೆ ಯಾವುದು ಇಲ್ಲವೆಂಬುದು ನೋಡಿದ ಕ್ಷಣಕ್ಕೆ ಗೊತ್ತಾಗಬೇಕು. ಸುತ್ತಿ ತಗಡಿನ ಪೆಟ್ಟಿಗೆಯಲ್ಲಿಟ್ಟರೆ ಹಾಗೇ ಹಬೆಯಲ್ಲಿ ಕಾಯಿಸಿ ಕ್ರಿಮಿ ಕಳೆಯಬಹುದಿತ್ತು. ಆಯಾ ಅದಕ್ಕೆ ಗಂಟಲ ಪೆಟ್ಟಿಗಿ ಎಂದು ಹೆಸರಿಟ್ಟಳು. ಅದೇ ನಿಂತಿತು.

ಒಂದು ಭಾನುವಾರ ಮೂರೂ ಊರುಗಳ ಡಾಕ್ಟರರು ಗದಗಿಗೆ ಬಂದರು. ಕಸಾಯಿ ಅಂಗಡಿಯಿಂದ ತರಿಸಿದ ಆಡಿನ ಉಸಿರುಗೊಳವೆಗಳನ್ನು ಬಾಯಾರು ಹಲಗೆಯ ಮೇಲೆ ಮೊಳೆ ಹೊಡೆದು ಇಟ್ಟಿದ್ದರು. ಮೇಲೆ ಒದ್ದೆ ಚರ್ಮ ಹೊದಿಸಿ, ಕಣ್ಣು ಮುಚ್ಚಿ ಬೆರಳಿನಿಂದ ಉಂಗುರಗಳನ್ನು ಹುಡುಕಲು ಹೇಳಿದರು. ಉಸಿರುಗೊಳವೆ ಅಂದರೆ ಒಂದರ ಕೆಳಗೊಂದು ಜೋಡಿಸಿದ ಮೃದ್ವಸ್ಥಿಯ ಉಂಗುರಗಳು. ಬೆರಳಿಗೆ ಅವು ಸಿಕ್ಕರೆ ದಾರಿ ಸಿಕ್ಕಂತೆ.

ಶಿರಹಟ್ಟಿಯಿಂದ ಬಂದವರು ಎಲ್ಲರಿಗಿಂತ ಹಿರಿಯರು. ಸಂಸ್ಥಾನದ ಕಾಲದಿಂದಲೂ ಅಲ್ಲಿಯ ದವಾಖಾನೆಯಲ್ಲಿದ್ದವರು. ಜ್ವರ, ಹಾವಿನ ಕಡಿತ, ಹೆರಿಗೆ ಎಲ್ಲ ನೋಡಿದ ಕೈ. ಆದರೆ ಆ ಕೈ ಹಿಡಿದ ಚಾಕು ಚರ್ಮದ ಮೇಲೆ ಇಳಿಯಲಿಲ್ಲ. ಅದನ್ನು ಕೆಳಗಿಟ್ಟು, ಬಾಯಾರನ್ನು ಬದಿಗೆ ಕರೆದು ಹೇಳಿದರು: "ನನ್ನ ಬಿಟ್ಟುಬಿಡ್ರಿ. ಈ ವಯಸ್ಸಿನ್ಯಾಗ ಮನಷ್ಯಾರ ಕುತಗಿಗೆ ಚೂರಿ ಹಚ್ಚೂದು ನನ್ನಿಂದ ಆಗೂದಿಲ್ಲ."

ಬಾಯಾರು ವಾದ ಮಾಡಲಿಲ್ಲ. "ಆತ್ರಿ. ಪೆಟ್ಟಿಗಿ ಅಷ್ಟ ಇಟಗೋರ್ರಿ. ಮುಂದಿಂದು ನಿಮಗ ಬಿಟ್ಟದ್ದು," ಎಂದರು.

ಪೆಟ್ಟಿಗೆಗಳು ತಯಾರಾದ ಮೇಲೆ ಅವುಗಳನ್ನು ಊರಿಂದೂರಿಗೆ ಮುಟ್ಟಿಸಿ, ಕಾಯಿಸುವುದು, ಒರೆಸುವುದು, ವಾರಕ್ಕೊಮ್ಮೆ ಬಿಚ್ಚಿ ನೋಡುವುದನ್ನು ಕಲಿಸಿ ಬರುವ ಕೆಲಸ ನನಗೆ ಬಂತು. ಮೊದಲು ಶಿರಹಟ್ಟಿ. ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಹೋಗುವುದಿತ್ತು. ಹಿರಿಯ ಡಾಕ್ಟರು ನನ್ನನ್ನು ಕೂರಿಸಿ ಚಹಾ ಕುಡಿಸಿದರು. ಪೆಟ್ಟಿಗೆಯನ್ನು, ದೂರದ ನೆಂಟರು ಬಂದರೆ ಕೂರಿಸುವಂತೆ, ಮರ್ಯಾದೆಯಿಂದ ಮೇಜಿನ ಮೇಲೆ ಇಡಿಸಿದರು, ಮುಟ್ಟಲಿಲ್ಲ. ನಾನು ಕಾಯಿಸುವುದನ್ನು ತೋರಿಸಿ ಮುಗಿಸುವಷ್ಟರಲ್ಲಿ ಅಂಗಳದಲ್ಲಿ ಗಾಡಿ ನಿಂತಿತು.

ಗಾಡಿಯಲ್ಲಿ ಐವತ್ತರ ಸುಮಾರಿನ ಹೆಂಗಸು. ಅವಳನ್ನು ತಬ್ಬಿ ಹಿಡಿದುಕೊಂಡು ಒಬ್ಬ ಎಳೆಯ ಸೊಸೆ. ಕೆಳದವಡೆಯ ಹುಳುಕು ಹಲ್ಲಿನಿಂದ ಶುರುವಾದ ಕೀವು ನಾಲಗೆಯ ಕೆಳಗೆಲ್ಲ ಹರಡಿತ್ತು. ಗದ್ದದಿಂದ ಕೊರಳಿನವರೆಗೆ ಬಾತು ಹಲಗೆಯಂತೆ ಗಟ್ಟಿಯಾಗಿತ್ತು. ನಾಲಗೆ ಮೇಲೆದ್ದು ಹಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಜೊಲ್ಲು ನುಂಗಲಾಗದೆ ಸೆರಗು ತೊಯ್ದಿತ್ತು. ಮಲಗಿಸಲು ಹೋದರೆ ಉಸಿರು ನಿಲ್ಲುತ್ತಿತ್ತು. ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿ, ಕಣ್ಣರಳಿಸಿ ಕುಳಿತಿದ್ದಳು.

ಡಾಕ್ಟರು ಬ್ಯಾಟರಿ ಬೆಳಕಿನಲ್ಲಿ ನೋಡಿದರು. ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯಲಿಲ್ಲ. "ಗದಗಿಗೆ ಒಯ್ಯಬೇಕು," ಎಂದರು. ಗದಗಿಗೆ ಹೊರಟ ಬಸ್ಸನ್ನು ಜವಾನ ಓಡಿ ಹೋಗಿ ತಡೆದು ದವಾಖಾನೆಯ ಮುಂದೆ ನಿಲ್ಲಿಸಿದ. ನಾವು ಆಕೆಯನ್ನು ನಡೆಸಿಕೊಂಡು ಬಸ್ಸಿನ ಮೆಟ್ಟಿಲವರೆಗೆ ಹೋದೆವು. ಒಂದು ಕಾಲು ಎತ್ತಿ ಇಟ್ಟಳು, ಅಷ್ಟೆ. ಕತ್ತು ವಾಲಿತು. ಎದೆ ಏರುತ್ತಿತ್ತು, ಗಾಳಿ ಹೋಗುತ್ತಿರಲಿಲ್ಲ. ಸೊಸೆ ಅವಳ ಮುಖವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಅತ್ತಿ, ನನ್ನ ನೋಡ್ರಿ. ನನ್ನ ನೋಡ್ರಿ, ಅತ್ತಿ," ಎಂದಳು. ಮುಖ ಮುಂದಕ್ಕೆ ಬಂದಾಗ ಒಂದೆಳೆ ಉಸಿರು ಒಳಗೆ ಹೋಯಿತು.

ಡಾಕ್ಟರು ಬಸ್ಸನ್ನೂ ರಸ್ತೆಯನ್ನೂ ನೋಡಿದರು. ಆಮೇಲೆ ಮೆಲ್ಲಗೆ, "ಇಳಸ್ರಿ. ಇಲ್ಲೇ ಮಾಡೋಣು," ಎಂದರು. ನನ್ನ ಕಡೆ ತಿರುಗಿ, "ತಂಗಿ, ಪೆಟ್ಟಿಗಿ ಬಿಚ್ಚು," ಎಂದರು.

ಒಳಗೆ ಕತ್ತಲೆ ಎಂದು ಪಡಸಾಲೆಯಲ್ಲೇ ಕುರ್ಚಿ ಹಾಕಿದೆವು. ಸೂರ್ಯ ಮೇಲೇರಿ ಅಲ್ಲೂ ನೆರಳು ಬಿದ್ದಿತ್ತು. ಎದುರಿನ ಹಜಾಮರ ಅಂಗಡಿಯ ಕನ್ನಡಿಯನ್ನು ಬಸ್ಸಿನ ಕಂಡಕ್ಟರ್ ತಂದು ಅಂಗಳದಲ್ಲಿ ನಿಂತು, ಬಿಸಿಲನ್ನು ಹಿಡಿದು ಆಕೆಯ ಕೊರಳಿಗೆ ಬಿಟ್ಟ. ಬಸ್ಸಿನಲ್ಲಿದ್ದವರೆಲ್ಲ ಇಳಿದು ದೂರ ನಿಂತರು. ಸೊಸೆ ಅತ್ತೆಯ ಕೈಗಳನ್ನು ಹಿಡಿದಳು. ನಾನು ಹಿಂದೆ ನಿಂತು ತಲೆಯನ್ನು ನನ್ನ ಎದೆಗೆ ಒತ್ತಿ, ಗದ್ದ ನೇರಕ್ಕೆ ಇರುವಂತೆ ಹಿಡಿದೆ. ಸಾಮಾನಿನ ಪಟ್ಟಿ ಪಕ್ಕದ ಬೆಂಚಿನ ಮೇಲೆ ಬಿಚ್ಚಿತ್ತು. ದವಾಖಾನೆಯ ಕಂಪೌಂಡರು ಒಂದೊಂದಾಗಿ ಕೊಡುತ್ತಿದ್ದರು.

ಡಾಕ್ಟರು ಕೈ ತೊಳೆದು ಬಂದರು. "ನಿಮ್ಮ ಬಾಯಾರು ಮೊದಲ ಏನ ಮಾಡತಾರ?"

"ಬೆರಳಿನಿಂದ ಹುಡುಕತಾರ್ರಿ," ಎಂದೆ.

ಎಡಗೈಯ ಹೆಬ್ಬೆರಳು, ನಡುಬೆರಳುಗಳ ನಡುವೆ ಗಂಟಲ ಗಂಟನ್ನು ಹಿಡಿದರು. ಬಾವು ಎಷ್ಟಿತ್ತೆಂದರೆ ಉಂಗುರಗಳು ಸಿಗಲಿಲ್ಲ. ನೋವು ಕಡಿಮೆ ಮಾಡುವ ನೊವೊಕೇನ್ ಚುಚ್ಚಿದರು. ಆಮೇಲೆ ಸಿರಿಂಜಿನಲ್ಲಿ ಕಾಯಿಸಿ ಆರಿಸಿದ ನೀರು ತುಂಬಿಕೊಂಡು, ಸೂಜಿಯನ್ನು ಕೊರಳ ನಡುಗೆರೆಯಲ್ಲಿ ಒಳಗಿಳಿಸಿ ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಎಳೆದರು. ಏನೂ ಬರಲಿಲ್ಲ. ಸ್ವಲ್ಪ ಕೆಳಗೆ, ಮತ್ತೊಮ್ಮೆ. ಈ ಸಲ ನೀರಿನಲ್ಲಿ ಗಾಳಿಯ ಗುಳ್ಳೆಗಳು ಎದ್ದವು. ಸೂಜಿಯ ತುದಿ ಉಸಿರುಗೊಳವೆಯೊಳಗಿತ್ತು. "ಇಲ್ಲೈತಿ," ಎಂದರು. ಸೂಜಿಯನ್ನು ಅಲ್ಲೇ ಬಿಟ್ಟು, ಅದರ ಗುಂಟ ಮೇಲಿನಿಂದ ಕೆಳಕ್ಕೆ ಕೊಯ್ದರು.

ಕಪ್ಪು ರಕ್ತ ತುಂಬಿ ಬಂತು. ಕಂಪೌಂಡರು ಒತ್ತಿ ಒರೆಸಿದರು. ಕನ್ನಡಿಯ ಬೆಳಕು ಒಮ್ಮೆ ಅಲುಗಿತು, ಮತ್ತೆ ನಿಂತಿತು. ಸ್ನಾಯುಗಳನ್ನು ಬದಿಗೆ ಸರಿಸಿ, ಕೊಕ್ಕೆಯಿಂದ ಉಸಿರುಗೊಳವೆಯನ್ನು ಮೇಲಕ್ಕೆಳೆದು ಕೊಯ್ದರು. ಕೆಮ್ಮಿನೊಂದಿಗೆ ರಕ್ತ ಅವರ ಕನ್ನಡಕಕ್ಕೆ ಸಿಡಿಯಿತು. ನಳಿಕೆ ಹಾಕಿದರು. ಕೆಮ್ಮು ನಿಂತಿತು. ಗಾಳಿಯ ಸದ್ದಿಲ್ಲ. ನನ್ನ ಕೈಯೊಳಗಿನ ತಲೆ ಭಾರವಾಗುತ್ತ ಬಂತು. ನಳಿಕೆ ದಾರಿ ತಪ್ಪಿ ಮುಂದಿನ ಮಾಂಸದೊಳಗೆ ಇಳಿದಿತ್ತು.

ಹಾಗೆ ಆಗುವುದನ್ನು ಬಾಯಾರು ಆಡಿನ ಉಸಿರುಗೊಳವೆಯ ಮೇಲೆ ತೋರಿಸಿದ್ದರು. ತೋರಿಸಿದ್ದು ಬೇರೆ, ಜೀವಂತ ಹೆಂಗಸಿನ ಮುಖ ಕಪ್ಪಿಡುತ್ತಿರುವಾಗ ನೆನಪಾಗುವುದು ಬೇರೆ. ಡಾಕ್ಟರು ನಳಿಕೆಯನ್ನು ಕಿತ್ತರು. ರಕ್ತದಲ್ಲಿ ಏನೂ ಕಾಣುತ್ತಿರಲಿಲ್ಲ, ಹಾಗಾಗಿ ನೋಡುವುದನ್ನೇ ಬಿಟ್ಟರು. ಕಣ್ಣು ಮುಚ್ಚಿ ತೋರುಬೆರಳನ್ನು ಗಾಯದೊಳಗೆ ಇಳಿಸಿದರು. ಅವರ ಮುಖ ನನಗೆ ಎದುರಿಗಿತ್ತು. ತುಟಿ ಅಲುಗುತ್ತಿತ್ತು. "ಉಂಗುರ... ಉಂಗುರ... ಸಿಕ್ತು." ಬೆರಳನ್ನು ತೆಗೆಯದೆ ಅದರ ಪಕ್ಕದಿಂದಲೇ ಚಿಮಟವನ್ನು ಇಳಿಸಿ ತೂತನ್ನು ಅಗಲಿಸಿದರು. ನಳಿಕೆಯನ್ನು ಮೊದಲು ಅಡ್ಡಲಾಗಿ ಹಿಡಿದು, ಆಮೇಲೆ ಕೆಳಕ್ಕೆ ತಿರುವಿ ಇಳಿಸಿದರು.

ಸುಯ್ಯೆಂದು ಗಾಳಿ ಹೋಯಿತು. ಅಂಗಳದ ಆಚೆ ನಿಂತವರಿಗೂ ಅದು ಕೇಳಿಸಿತು. ಹೆಂಗಸೊಬ್ಬಳು ಕೈ ಮುಗಿದಳು. ಡಾಕ್ಟರು ಲಾಡಿ ಕಟ್ಟಿ, ಒಳನಳಿಕೆ ಕೂಡಿಸಿ, ರಬ್ಬರ್ ಕೊಳವೆಯಿಂದ ರಕ್ತವನ್ನು ಎಳೆದು ತೆಗೆದರು. ಗದ್ದದ ಕೆಳಗೆ ಇನ್ನೊಂದು ಗಾಯ ಮಾಡಿ ಕೀವಿಗೆ ದಾರಿ ಬಿಟ್ಟರು. ಪೆನ್ಸಿಲಿನ್ ಕೊಡಿಸಿದರು. ಎಲ್ಲ ಆದ ಮೇಲೆ ಮೆಟ್ಟಿಲ ಮೇಲೆ ಕುಳಿತು ನೀರು ಕೇಳಿದರು. ಲೋಟ ಹಿಡಿಯಲು ಆಗಲಿಲ್ಲ. ನಾನೇ ಹಿಡಿದು ಕುಡಿಸಿದೆ.

ಸಂಜೆಯ ಬಸ್ಸಿಗೆ ಬಾಯಾರು ಬಂದರು. ಕಂಡಕ್ಟರನೇ ಗದಗಿನಲ್ಲಿ ಆಸ್ಪತ್ರೆಗೆ ಹೋಗಿ ಖಬರು ಮುಟ್ಟಿಸಿದ್ದನಂತೆ. ಗಾಯ ನೋಡಿದರು, ಲಾಡಿಯ ಬಿಗಿ ನೋಡಿದರು, ಒಳನಳಿಕೆಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದರು. ಹಿರಿಯ ಡಾಕ್ಟರು ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ಹಿಂದೆ ನಿಂತಿದ್ದರು.

"ಮೊದಲನೇ ಸಲ ತಪ್ಪಿ ಹೋತ್ರಿ," ಎಂದರು.

"ನಂದೂ ಮೊದಲ ತಪ್ಪಿತ್ತರಿ. ನನ್ನ ಹಿಂದ ಕಲಿಸಿದಾವ್ರು ನಿಂತಿದ್ರು," ಎಂದರು ಬಾಯಾರು. "ನಿಮ್ಮ ಹಿಂದ ಯಾರೂ ಇರಲಿಲ್ಲ."

ಅವರ ಬಾಯಿಂದ ಹೊಗಳಿಕೆ ಎಂದು ನಾನು ಕೇಳಿದ್ದು ಅದೊಂದೇ.

ನನ್ನನ್ನು ಅಲ್ಲೇ ಬಿಟ್ಟು ಹೋದರು. ಲಕ್ಷ್ಮೇಶ್ವರದ ಪೆಟ್ಟಿಗೆ ಇನ್ನಷ್ಟು ದಿನ ಕಾಯಬೇಕಾಯಿತು. ಒಳನಳಿಕೆ ತೆಗೆದು ತೊಳೆಯುವುದನ್ನು ಸೊಸೆಗೆ ಕಲಿಸಿದೆ. ಅವಳು ನನಗಿಂತ ಹಗುರಾಗಿ ಮಾಡುತ್ತಿದ್ದಳು. ಊರಿನಿಂದ ನೋಡಲು ಬಂದ ಹೆಂಗಸರು, "ಅತ್ತಿ ಬಾಯಿ ಬಂದ್ ಆತಲ್ಲ, ನಿನಗ ಆರಾಮಾತು ಬಿಡು," ಎಂದು ಅವಳನ್ನು ಚೇಷ್ಟೆ ಮಾಡುತ್ತಿದ್ದರು. ಆ ಅತ್ತೆಯ ನಾಲಗೆ ಊರಿಗೇ ಗೊತ್ತಿದ್ದದ್ದಂತೆ. ಸೊಸೆ ನಗುತ್ತಿರಲಿಲ್ಲ. ಒಮ್ಮೆ ನನ್ನೊಬ್ಬಳಿಗೇ ಹೇಳಿದಳು: "ಮನಿ ಸಪ್ಪಗ ಆಗೇತ್ರಿ ಅಕ್ಕಾರ. ಬೈಸ್ಕೊಂಡ್ರನ ಬೆಳಗಾದಂಗ ಆಗತಿತ್ತು."

ಬಾವು ಇಳಿದು, ಕೆಟ್ಟ ಹಲ್ಲು ಕಿತ್ತು, ಬಾಯಿಯಿಂದ ಉಸಿರಾಡುತ್ತಾಳೆ ಎಂದು ಖಾತ್ರಿಯಾದ ಮೇಲೆ ಡಾಕ್ಟರು ನಳಿಕೆಯನ್ನು ತೆಗೆದರು. ಗಾಯದ ಮೇಲೆ ಬಟ್ಟೆ ಒತ್ತಿ, "ಮಾತಾಡ್ರಿ," ಎಂದರು. ಆಕೆ ಸುತ್ತ ಇದ್ದವರನ್ನೆಲ್ಲ ಒಮ್ಮೆ ನೋಡಿದಳು. ಕೊನೆಗೆ ಸೊಸೆಯ ಮೇಲೆ ಕಣ್ಣು ನಿಂತಿತು.

"ಇಲ್ಲೇ ಕುಂತಿ," ಎಂದಳು, ಒಡಕು ದನಿಯಲ್ಲಿ. "ಎಮ್ಮಿ ಹಿಂಡಾವ್ರು ಯಾರಲೇ, ನಿಮ್ಮಪ್ಪ?"

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಡಾಕ್ಟರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸತೊಡಗಿದರು.

ಮುಂದಿನ ಸಲ ಡಾಕ್ಟರರೆಲ್ಲ ಗದಗಿಗೆ ಬಂದಾಗ ಬಾಯಾರು ಹಲಗೆಯ ಮುಂದೆ ಹಿರಿಯ ಡಾಕ್ಟರನ್ನೇ ನಿಲ್ಲಿಸಿದರು. ಮುಂಡರಗಿ ಕಡೆಯ ಆ ಹುಡುಗಿಯ ಊರಿನ ಹತ್ತಿರದ ಡಾಕ್ಟರನ್ನೂ ಬಾಯಾರು ಕರೆಸಿದ್ದರು. ವಯಸ್ಸಿನಲ್ಲಿ ಚಿಕ್ಕವರು. ಎಲ್ಲರ ಹಿಂದೆ ನಿಂತಿದ್ದರು. ಅವರೇ ಕೇಳಿದರು: "ಹೆದರಿಕಿ ಹ್ಯಾಂಗ ಹೋತ್ರಿ ನಿಮಗ?"

"ಹೋಗಿಲ್ಲ," ಎಂದರು ಹಿರಿಯರು. "ಅದು ಹೋಗಲಿ ಅಂತ ಕುಂತ್ರ ಪೇಶಂಟ್ ಹೋಗತಾರ. ಬಾ ಇಲ್ಲಿ. ಕಣ್ಣ ಮುಚ್ಚು. ಬೆರಳ ಇಡು."

ಆ ಚಿಕ್ಕ ಡಾಕ್ಟರು ದಿನವಿಡೀ ಹಲಗೆ ಬಿಟ್ಟು ಕದಲಲಿಲ್ಲ. ಸಂಜೆ ಹೊರಟಾಗ, ಮುಂಡರಗಿಗೆ ಹೋಗುವ ಪೆಟ್ಟಿಗೆಯಲ್ಲದೆ ತಮಗೂ ಒಂದು ಬೇಕೆಂದು ಕೇಳಿದರು. ಸಣ್ಣ ಅಳತೆಯ ನಳಿಕೆ ಆಗ ಒಂದೇ ಉಳಿದಿತ್ತು. ಬಾಯಾರು ಅದನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಅವರಿಗೇ ಕೊಟ್ಟರು.

ಕರ್ನಾಟಕ ಒಂದಾಗುವ ದಿನ ಹತ್ತಿರ ಬಂದಿತ್ತು. ಗದಗಿನ ಬೀದಿಗಳಲ್ಲಿ ತಳಿರು ತೋರಣ ಕಟ್ಟುತ್ತಿದ್ದರು. ಚಳಿ ಆಗಷ್ಟೇ ಬೀಳತೊಡಗಿತ್ತು. ಒಂದು ಬೆಳಿಗ್ಗೆ ಮುಂಡರಗಿ ಬಸ್ಸಿನ ಡ್ರೈವರ್ ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿ ಇಳಿದು ಬಂದ. ಬಸ್ಸಿನಲ್ಲಿ ರೋಗಿ ಯಾರೂ ಇರಲಿಲ್ಲ. ಬಾಯಾರು ಹೊರಗೆ ಬಂದರು.

"ನಮ್ಮ ಕಡೆ ಸಣ್ಣ ಡಾಕ್ಟರು ಹೇಳಿ ಕಳಸ್ಯಾರ್ರಿ," ಎಂದ ಡ್ರೈವರ್. "ಗಂಟಲಮಾರಿ ಆಗಿದ್ದ ಕೂಸಿಗೆ ನಳಿಗಿ ಹಾಕ್ಯಾರಂತ. ಕೂಸು ಹಾಲು ಕುಡದೈತಂತ. ನಳಿಗಿ ಇನ್ನೂ ಅದರ ಕೊಳ್ಳಾಗ ಐತಂತ್ರಿ, ಅದಕ್ಕ ಪೆಟ್ಟಿಗಿ ಖಾಲಿ ಐತಿ. ಜಲ್ದಿ ಇನ್ನೊಂದು ಕಳಸ್ರಿ ಅಂದಾರ."

ಬಾಯಾರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದರು. ಆಮೇಲೆ ನನಗೆ, "ಅಕ್ಕಸಾಲಿಗರು ಅಂಗಡಿ ತಗದಿರಬೇಕು ನೋಡು," ಎಂದರು. ಡ್ರೈವರನ ಕಡೆ ತಿರುಗಿ, "ನಿಮ್ಮ ಬಸ್ಸು ತಿರುಗಿ ಎಷ್ಟೊತ್ತಿಗೆ ಬಿಡತೈತಿ?" ಎಂದು ಕೇಳಿದರು.

"ನೀವು ಕೊಟ್ಟ ಮ್ಯಾಲೆ ಬಿಡತೀನ್ರಿ," ಎಂದ ಅವನು.